ತೊಟ್ಟಿಲಲ್ಲಿ ಹತ್ತಿಹೊಟ್ಟು

ಅಣಬೆ ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ. ಗಾದೆಯ ಮೂಲಪಾಠ ಇದೇ. ಕೂಸು ಆಮೇಲೆ ಬಂದು ಸೇರಿಕೊಂಡದ್ದು. ನಂಬದಿದ್ದರೆ ದೂರದೇಶದ ಮರ್ಗಿಲಾನ್ ಊರಿನ ಹೋಸಿಯತ್‌ಳ ಕಥೆ ಕೇಳಿ, ಅಪ್ಪಟ ನಿಜ.

ಹೋಸಿಯತ್‌ಗೂ ಪಕ್ಕದ ಮನೆಯ ಮಸ್ತೂರಳಿಗೂ ಹತ್ತಿಬೀಜದ ಹೊಟ್ಟು ಒಂದೇ ಗಿರಣಿಯದು, ಅಣಬೆ ಬೀಜ ಒಂದೇ ಅಂಗಡಿಯದು. ಇಬ್ಬರೂ ಪಲಾವಿನ ಕಡಾಯಿಯಲ್ಲೇ ಹೊಟ್ಟು ಕುದಿಸಿ, ಆರಿಸಿ, ಬೀಜ ಬೆರೆಸಿ ಚೀಲಕ್ಕೆ ತುಂಬುತ್ತಿದ್ದರು. ಮಸ್ತೂರಳ ಚೀಲಗಳಲ್ಲಿ ಅಣಬೆ ಗೊಂಚಲುಗೊಂಚಲಾಗಿ ಜೋತರೆ, ಹೋಸಿಯತ್‌ಳವು ಕೊಳೆತು ಹುಳಿ ನಾತ ಹೊಡೆಯುತ್ತಿದ್ದವು. ಹೊಟ್ಟು ಆರಿದರೂ ಹೊಟ್ಟೆಯ ಕಿಚ್ಚು ಆರಲಿಲ್ಲ.

ಓಣಿಯ ಹೆಂಗಸರು ತಿಂಗಳಿಗೊಬ್ಬರ ಮನೆಯಲ್ಲಿ ಕೂಡಿ ಉಣ್ಣುವುದು ವಾಡಿಕೆ. ಈ ಸಲ ಮಸ್ತೂರಳ ಮನೆಯ ಸೋಮ್ಸಾವನ್ನು, ಅಣಬೆ ತುಂಬಿ ಸುಟ್ಟ ಕಡುಬನ್ನು, ಎಲ್ಲರೂ ಬೆರಳು ನೆಕ್ಕಿ ಹೊಗಳಿದರು. ಹೋಸಿಯತ್‌ಗೆ ಚಿಂತೆ ಹತ್ತಿತು. ಮುಂದಿನ ಕೂಟ ಅವಳ ಮನೆಯಲ್ಲೇ. ಅಂಗಡಿಯ ಅಣಬೆ ಬಡಿಸಿದರೆ ಮಸ್ತೂರ ಮೂಸಿಯೇ ಕಂಡುಹಿಡಿಯುತ್ತಾಳೆ. ಹೋಸಿಯತ್ ಮಾನ ಬಿಟ್ಟು ಅವಳನ್ನೇ ಗುಟ್ಟೇನೆಂದು ಕೇಳಿಯೇಬಿಟ್ಟಳು.

ಮಸ್ತೂರ ಮುದಿ ಸೂಲಗಿತ್ತಿಯಂತೆ ಗೊಗ್ಗರು ದನಿ ತೆಗೆದಳು. "ಹೊಟ್ಟೂ ಹಸುಗೂಸೇ ತಂಗಿ. ತೊಟ್ಟಿಲಿಗೆ ಹಾಕಿ ಕಟ್ಟು, ಏಳು ಹೊದಿಕೆ ಹೊದಿಸು, ತಲೆಗೊಂದು ಕುಲಾವಿ. ಜೋಗುಳ ಮರೀಬೇಡ, ಮುನಿಸ್ಕೊಂಡ್ಬಿಡತ್ತೆ."

ಹೋಸಿಯತ್ ಅಟ್ಟದಿಂದ ಮಗಳ ಹಳೆಯ ತೊಟ್ಟಿಲು ಇಳಿಸಿ, ಹೊಸ ಚೀಲವನ್ನು ಮಲಗಿಸಿ ಕಟ್ಟಿದಳು. ಆ ಊರಿನ ತೊಟ್ಟಿಲ ನಡುವೆ ಕೂಸಿನ ಉಚ್ಚೆ ಇಳಿಯಲು ತೂತಿರುತ್ತದೆ, ಅದರ ಕೆಳಗೆ ಉಚ್ಚೆಗಡಿಗೆ ಇಟ್ಟದ್ದು ರೂಢಿ. ಆ ತೂತಿಗೆ ಸರಿಯಾಗಿ ಚೀಲಕ್ಕೂ ಒಂದು ತೂತು ಮಾಡಿದ್ದು ತಾಯಿಯ ಕಾಳಜಿ. ಬೆಳಗಾಗುವಾಗ ಗಡಿಗೆ ಅರ್ಧ ತುಂಬಿತ್ತು. ಇಷ್ಟು ನೀರು ಈವರೆಗೆ ಚೀಲದಲ್ಲೇ ಕೊಳೆಯುತ್ತಿತ್ತೇ ಎಂದು ಮೂಗಿನ ಮೇಲೆ ಬೆರಳಿಟ್ಟಳು. ಆದರೂ ಜೋಗುಳ ಬಿಡಲಿಲ್ಲ. ಮೂರು ವಾರಕ್ಕೆ ಅಣಬೆ ಬೀಜ ಹಬ್ಬಿ ಹೊಟ್ಟು ಹಾಲಿನಂತೆ ಬೆಳ್ಳಗಾಯಿತು. ಆರು ಹೊದಿಕೆ ತೆಗೆದು, ಅಣಬೆ ಹೊರಬರಲೆಂದು ಚೀಲವನ್ನು ಅಲ್ಲಲ್ಲಿ ಸೀಳಿ, ಒದ್ದೆ ಮಾಡಿದ ತೆಳುಬಟ್ಟೆಯೊಂದನ್ನೇ ಉಳಿಸಿದಳು.

ಕೂಟದ ದಿನ ಹೆಂಗಸರು ನಗು ಕಚ್ಚಿಕೊಂಡೇ ಬಂದರು. ಮಸ್ತೂರ ಮೊದಲೇ ಎಲ್ಲರ ಕಿವಿಗೂ ಊದಿಟ್ಟಿದ್ದಳು. ಕೂಸನ್ನು ತೋರಿಸೆಂದು ಹಟ ಹಿಡಿದರು. ತೊಟ್ಟಿಲು ಕಂಡದ್ದೇ ತಡ, ನಗು ಓಣಿಯ ತುದಿಗೆ ಕೇಳಿಸಿತು. ತಾನು ಬೇಸ್ತುಬಿದ್ದದ್ದು ಹೋಸಿಯತ್‌ಗೆ ಆಗ ಹೊಳೆದು ಮುಖ ಸುಟ್ಟುಕೊಂಡಂತಾಯಿತು.

"ಗಂಡೋ ಹೆಣ್ಣೋ ನೋಡೋಣ," ಎಂದು ಅದೇ ಸೂಲಗಿತ್ತಿಯ ದನಿಯಲ್ಲಿ ಮಸ್ತೂರ ಬಟ್ಟೆ ಎತ್ತಿದಳು.

ಕುಲಾವಿಯನ್ನೇ ಮೇಲೆತ್ತಿಕೊಂಡು ಅಂಗೈಯಗಲದ ಅಣಬೆಗಳು ಹೊರಚೆಲ್ಲಿದ್ದವು. ಮಸ್ತೂರಳ ಯಾವ ಚೀಲವೂ ಇಷ್ಟು ಬಿಟ್ಟಿರಲಿಲ್ಲ. ಅವಳು ಗೊಂಚಲುಗಳನ್ನು ಎರಡು ಸಲ ಎಣಿಸಿ, ಈಗ ತನ್ನ ಸ್ವಂತ ದನಿಯಲ್ಲೇ ಕೇಳಿದಳು. "ತಂಗೀ... ಈ ತೊಟ್ಟಿಲು ಒಂದ್ ತಿಂಗಳ ಮಟ್ಟಿಗೆ ಕೊಡ್ತೀಯಾ?"

"ಕೊಡ್ತೀನಿ ಅಕ್ಕಾ. ಜೋಗುಳ ಮಾತ್ರ ನೀವೇ ಹಾಡ್ಕೋಬೇಕು."

ಚೀಲದ ತೂತಿನ, ಗಡಿಗೆಯ ಸುದ್ದಿ ಅವಳು ಎತ್ತಲಿಲ್ಲ. ಎತ್ತಲು ಉಸಿರಾದರೂ ಎಲ್ಲಿತ್ತು? ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ಅವರೆಲ್ಲರ ನಗುವನ್ನೂ ಮುಳುಗಿಸುವಂತೆ ಹೋಸಿಯತ್ ತೊಟ್ಟಿಲು ಹಿಡಿದುಕೊಂಡು ನಗುತ್ತಿದ್ದಳು.