ಕೃಷ್ಣಾಜಿಯ ಕಾಲಿಗೊಂದು ಸೈಕಲ್

ಶುಭದಾ ಜಮಖಂಡಿಯ ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್. ಗಂಡ ಕೃಷ್ಣಾಜಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ೧೯೮೬ರ ಬೇಸಿಗೆಯಲ್ಲಿ ಅವನ ಕಾಲಿನ ಕಸುವು ಕುಂದತೊಡಗಿತು. ರಕ್ತ, ನರಗಳ ಪರೀಕ್ಷೆಗಳೆಲ್ಲ ಮುಗಿಯುವ ತನಕ ಹಗುರ ವ್ಯಾಯಾಮ ಮಾಡಲಿ, ಮನೆಯಲ್ಲೇ ತುಳಿಯುವ ಸೈಕಲ್ ಸಿಕ್ಕರೆ ಒಳ್ಳೆಯದು ಎಂದರು ಮಿರಜದ ಡಾಕ್ಟರು.

ಶುಭದಾ ಆ ಮಾತನ್ನೇ ಗಟ್ಟಿಯಾಗಿ ಹಿಡಿದಳು. ಆದರೆ ಕಂಡದ್ದನ್ನು ಕೊಳ್ಳುವವಳಲ್ಲ. ಭಾನುವಾರ ಬಂದರೆ ಬಸ್ಸು ಹತ್ತುವಳು. ವಿಜಾಪುರದ ಅಂಗಡಿಯಲ್ಲಿ ಎಲ್ಲರೂ ನೋಡುತ್ತಿದ್ದಂತೆಯೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತಾನೇ ಹತ್ತಿ ತುಳಿದಳು. ಸೀಟು ಎತ್ತರ, ಕಾಲು ಸೋತವನು ಏರಲಾರ. ಮುಧೋಳದ ಪೈಲ್ವಾನರೊಬ್ಬರ ಮನೆಯಲ್ಲಿದ್ದ ಹಳೆಯದರ ಗಾಲಿ ಬಹಳ ಬಿಗಿ. ಕೊನೆಗೆ ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡುವ ಹೊಳೆಪ್ಪ ತಾನೇ ಮಾಡಿಕೊಡುವುದಾಗಿ ಒಪ್ಪಿದ. ಕುರ್ಚಿಯಲ್ಲಿ ಕೂತಂತೆ ಕೂತು ತುಳಿಯಬೇಕು, ಪಾದ ಜಾರದಂತೆ ಪೆಡಲಿಗೆ ಪಟ್ಟಿ ಇರಬೇಕು ಎಂದು ಶುಭದಾ ವಿವರಿಸಿ, ಗಂಡನ ಕಾಲಿನ ಅಳತೆಯ ದಾರ ಕೊಟ್ಟು ಬಂದಳು.

ಪ್ರತಿ ಸಲವೂ ಸಂಜೆ ಮನೆಗೆ ಬಂದು ನೋಡಿದ್ದನ್ನೆಲ್ಲ ಹೇಳುವಳು. ಕೃಷ್ಣಾಜಿ ಗಾಲಿ ಎಷ್ಟು ದೊಡ್ಡದು, ಸೀಟು ಎಂಥದು ಎಂದು ಕೇಳುತ್ತ ನಗುವನು. ನಡುವೆ ಒಮ್ಮೆ ಅವಳಿಗೆ ರಜೆ ಸಿಗದೆ, ಕೃಷ್ಣಾಜಿ ತನ್ನ ತಮ್ಮ ಪಾಂಡುರಂಗನ ಜೊತೆ ಮಿರಜದ ಡಾಕ್ಟರ ಬಳಿ ಹೋಗಿಬಂದ. ಅದೇ ಔಷಧ ಮುಂದುವರಿಸಲು ಹೇಳಿದ್ದಾರೆ ಎಂದಷ್ಟೇ ತಿಳಿಸಿದ.

ಶ್ರಾವಣದಲ್ಲಿ ಹೊಳೆಪ್ಪ ಸೈಕಲ್ ತಂದಿಟ್ಟ. ಕೃಷ್ಣಾಜಿಯ ಪಾದ ಎತ್ತಿ ಪೆಡಲಿನ ಮೇಲಿಟ್ಟು ಪಟ್ಟಿ ಕಟ್ಟಿದ. ಕಾಲು ಅಲುಗಲಿಲ್ಲ. ಗಾಲಿಯೇ ಬಿಗಿಯಾಗಿದೆಯೇನೋ ಎಂದು ಹೊಳೆಪ್ಪ ನಟ್ಟು ಸಡಿಲಿಸಲು ಪಾನಾ ತೆಗೆದ.

"ಮಶೀನ್ ಛಲೋ ಮಾಡೀಯಪಾ," ಎಂದ ಕೃಷ್ಣಾಜಿ. "ಅದರದೇನೂ ತಪ್ಪಿಲ್ಲ."

ಹೊಳೆಪ್ಪ ಚಹಾ ಕುಡಿದು ಹೋದ ಮೇಲೆ ಹೆಂಡತಿಯನ್ನು ಹತ್ತಿರ ಕರೆದು ಹೇಳಿದ. ಕಾಲಿನ ಶಕ್ತಿ ಮರಳುವುದಿಲ್ಲ. ಮುಂದೆ ಕೈ, ನಾಲಿಗೆ, ಕೊನೆಗೆ ಉಸಿರೂ ಸೋಲುತ್ತದೆ. ಹೆಚ್ಚೆಂದರೆ ಒಂದು ವರ್ಷ. ಪಾಂಡುರಂಗನ ಜೊತೆ ಹೋದಾಗಲೇ ಡಾಕ್ಟರು ಹೇಳಿದ್ದರು.

"ನನಗ್ಯಾಕ ಹೇಳಲಿಲ್ರಿ?"

"ನೀ ಬಂದು ಸೈಕಲ್ ಸುದ್ದಿ ಹೇಳೂವಾಗೆಲ್ಲ, ನನಗೂ ಆರಾಮ ಆಗ್ತದ ಅನಸ್ತಿತ್ತು."

ಶುಭದಾ ಪೆಡಲಿನ ಪಟ್ಟಿ ಬಿಚ್ಚಿ ಅವನ ಪಾದ ಕೆಳಗಿಳಿಸಿದಳು. "ಹನ್ನೊಂದು ಭಾನುವಾರ ನಿಮ್ಮನ್ನ ಒಬ್ಬರನ್ನ ಮನ್ಯಾಗ ಬಿಟ್ಟು ಊರೂರು ತಿರಗೀನಿ," ಎಂದಳು. "ನಿಮ್ಮ ಹತ್ರ ಕೂಡಬೇಕಿತ್ತು ನಾ."

ಅವನು ತಲೆ ತಗ್ಗಿಸಿದ.

ಮರುದಿನವೇ ಅವಳು ದೀರ್ಘ ರಜೆಗೆ ಬರೆದುಕೊಟ್ಟಳು. ದೀಪಾವಳಿಯ ಹೊತ್ತಿಗೆ ಅವನ ಮಾತು ತೊದಲತೊಡಗಿತು. ಬಂದವರಿಗೆ ಒಂದೂ ತಿಳಿಯದು, ಶುಭದಾ ಕೇಳಿ ಬಿಡಿಸಿ ಹೇಳುವಳು. ಮಾಘದ ಒಂದು ಬೆಳಿಗ್ಗೆ, ಅವಳು ಗಂಜಿ ಕುಡಿಸುತ್ತಿದ್ದಾಗ, ಅವನು ಏನೋ ಉದ್ದವಾಗಿ ಹೇಳಿದ. ಅವಳಿಗೂ ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿಸಿ ದಣಿಸಲು ಮನಸ್ಸಾಗದೆ ಹೂಂ ಎಂದಳು.

ಅವಳಿಗೆ ತಿಳಿದಿಲ್ಲವೆಂಬುದು ಅವನಿಗೆ ಗೊತ್ತಾಯಿತು. ಕಣ್ಣು ಮುಚ್ಚಿಕೊಂಡ. ನಾಲ್ಕು ದಿನದ ಮೇಲೆ ತೀರಿಕೊಂಡ.