ಬೇವಿನ ಮರದ ಕೂಗು

ನಾನು ಒಂದು ಹಿತ್ತಾಳೆ ಬಿಲ್ಲೆ. ರಾಣೆಬೆನ್ನೂರಿನ ಕಂಚುಗಾರನೊಬ್ಬ ನನ್ನನ್ನು ಎರಕ ಹೊಯ್ದು, ಕಚೇರಿಯ ಹೆಸರು ಕೊರೆದು, ಅಂಚು ಉಜ್ಜಿ ಕೊಟ್ಟ. ಒಂದು ಮೂಲೆ ಉಜ್ಜಲಿಲ್ಲ, ಸೋಮಾರಿ. ಅದು ಈಗಲೂ ಚುಚ್ಚುತ್ತದೆ.

ಹೆಗಲ ಕೆಂಪು ಪಟ್ಟಿಗೆ ಸಿಕ್ಕಿಸಿ ನನ್ನನ್ನು ಮೊದಲು ಧರಿಸಿದವನು ಜವಾನ ಹಸನ್‌ಸಾಬ. ಅವನ ಎದೆಯ ಮೇಲಿಂದ ನನಗೆ ಕಾಣುತ್ತಿದ್ದದ್ದು ಗಡ್ಡ ಮತ್ತು ತೆರೆದ ಬಾಯಿ. ಅಂಗಡಿಕಾರರಿಗೆ ದಂಡ ಹಾಕುವ ಮುಂಚೆ ಆ ಕಚೇರಿಯಲ್ಲಿ ಸಾಹೇಬರ ಮುಂದೆ ವಿಚಾರಣೆ ನಡೆಯುತ್ತಿತ್ತು. ನೋಟಿಸು ಪಡೆದವರನ್ನು ಮೂರು ಸಲ ಕೂಗಬೇಕು: ಬಾಗಿಲಲ್ಲೊಂದು, ಮೆಟ್ಟಿಲ ಬುಡದಲ್ಲೊಂದು, ಗೇಟಿನ ಬೇವಿನ ಕೆಳಗೊಂದು. ಮೂರಕ್ಕೂ ಬಾರದಿದ್ದರೆ ಅವರ ಮಾತು ಕೇಳದೆಯೇ ಆದೇಶ. ನಿವೃತ್ತನಾಗುವ ದಿನ ಹಸನ್‌ಸಾಬ ನನ್ನನ್ನು ಹೊಸ ಜವಾನ ಗುಡದಯ್ಯನ ಹೆಗಲಿಗೆ ಹಾಕಿ, ಮರದ ತನಕ ಹೋಗು ಎಂದಷ್ಟೇ ಹೇಳಿದ.

ಗುಡದಯ್ಯ ಹತ್ತೊಂಬತ್ತು ವರ್ಷ ಹೋದ. ಆಮೇಲೆ ಮಂಡಿ ಹಿಡಿಯಿತು. ಒಂದು ಮಂಗಳವಾರ, ಬಾಗಿಲಲ್ಲೇ ನಿಂತು, ಗಾಣದ ಹೊಳೆಬಸವ್ವನ ಹೆಸರನ್ನು ಮೂರೂ ಸಲ ಕೂಗಿ ಮುಗಿಸಿದ. ಉತ್ತರವಿಲ್ಲ. ಸಾಹೇಬರು ಪೆನ್ನು ತೆಗೆದರು. ಅವಳಲ್ಲಿ ಹೆಸರು, ತಾರೀಕಿನ ಚೀಟಿ ಅಂಟಿಸದ ಎಣ್ಣೆ ಬಾಟಲಿ ಸಿಕ್ಕಿತ್ತು. ಇದು ಎರಡನೇ ಸಲ. ದಂಡ ಬಿದ್ದರೆ ಲೈಸೆನ್ಸೂ ಹೋಗಿ ಗಾಣ ನಿಲ್ಲುತ್ತಿತ್ತು.

ಗುಡದಯ್ಯ ಕಿಟಕಿಗೆ ಒರಗಿದ. ಬೇವಿನ ಕೆಳಗೆ ಎಣ್ಣೆ ಡಬ್ಬಿ ಹಿಡಿದು ಒಬ್ಬಳು ಕೂತಿದ್ದಳು. ಎಣ್ಣೆ ಒಳಗೆ ತರಬೇಡ ಎಂದು ಗೇಟಿನ ಕಾವಲುಗಾರ ಅವಳನ್ನು ತಡೆದಿದ್ದ. ನಾನು ಚುಚ್ಚಿದೆ, ದಿನವೂ ಚುಚ್ಚುತ್ತಿದ್ದೆ, ಅದರಲ್ಲಿ ನನ್ನ ದೊಡ್ಡಸ್ತಿಕೆಯಿಲ್ಲ. ಅವನ ನಿವೃತ್ತಿಗೆ ಐದು ತಿಂಗಳಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಸಾಹೇಬ್ರ, ಮೂರ್ ಕೂಗ್ ಆಗಿಲ್ರಿ. ಒಂದ ಜಾಗಾದಾಗ ನಿಂತು ಮೂರ್ ಸಲ ಒದರೀನಿ."

"ಹೋಗೋ ಕಾಲಕ್ಕೆ ಸರ್ವಿಸ್ ಬುಕ್ಕಿಗೆ ಮಸಿ ಬಳ್ಕೊಳ್ತೀಯೇನಯ್ಯ?"

"ಬಳ್ಕೊಂತೀನ್ರಿ. ಆದೇಶ ಮಾತ್ರ ಬರೀಬ್ಯಾಡ್ರಿ, ಮರದ ತನಕ ಹೋಗಿ ಬರ್ತೀನಿ."

ಕುಂಟುತ್ತ ಹೋಗಿ ಕೂಗಿದ. ಅವಳು ಎದ್ದು ಸೆರಗು ಕೊಡವಿದಳು. "ಮುಂಜಾನಿಂದ ಕುಂತೀನಿ. ಈಗ ಬಾಯಿ ಬಂತೇನ ನಿನಗ?"

ಒಳಗೆ ಬಂದು, ಆ ಬಾಟಲಿ ಮಾರುವುದಲ್ಲ, ದೇವರ ದೀಪದ್ದು ಎಂದಳು. ಸಾಹೇಬರು ಜಪ್ತಿಯ ಕಾಗದ ತಿರುವಿದರು. ಬಾಟಲಿ ಹಿಡಿದ ಇನ್ಸ್‌ಪೆಕ್ಟರೇ ಬರೆದಿದ್ದ: ದೇವರ ಗೂಡಿನಿಂದ ತೆಗೆದದ್ದು. ಪೆನ್ನು ಜೇಬಿಗೆ ಹೋಯಿತು. ಗಾಣ ಉಳಿಯಿತು. ಗುಡದಯ್ಯನಿಗೆ ಮೆಮೊ ಬಂತು. ನಿವೃತ್ತನಾಗುವವರೆಗೆ ಮರದ ತನಕ ಕುಂಟಿದ.

ಈಗ ಹೆಸರು ಕೂಗುವ ಬದಲು ಗೋಡೆಯ ಪರದೆಯಲ್ಲಿ ನಂಬರು ಬೆಳಗುತ್ತದೆ. ಅದಕ್ಕೆ ಮಂಡಿನೋವಿಲ್ಲ, ನಿಜ. ಕಾಲೂ ಇಲ್ಲ. ನಾನು ತುಕ್ಕು ಪಿನ್ನುಗಳ ಜೊತೆ ಡ್ರಾಯರಿನಲ್ಲಿದ್ದೇನೆ. ಯಾರಾದರೂ ಅದನ್ನು ಎಳೆದಾಗ ಕಿಟಕಿಯಾಚೆ ಬೇವು ಕಾಣುತ್ತದೆ. ಕೆಳಗೆ ಯಾರೋ ಕೂತೇ ಇರುತ್ತಾರೆ.