ಬಿರಡೆಗೆ ವಿಭೂತಿ

ಹೂವಿನ ಹಿಪ್ಪರಗಿಯ ರೈತರ ಸಂಘದ ಹೊಸ ಸಭಾಭವನದಲ್ಲಿ ವಿದ್ಯಾವತಿಯ ಪಿಟೀಲಿನ ತಂತಿ ಮೂರನೆಯ ಸಲ 'ಟುಂಯ್' ಎಂದು ಇಳಿದಾಗ ಗಾಯಕ ಶ್ರೀಶೈಲಪ್ಪ ಕಣ್ಣು ಮುಚ್ಚಿ ಏನೋ ಗೊಣಗಿದ. ಅದು ದೇವರ ನಾಮವೆಂದು ಪಕ್ಕದಲ್ಲಿದ್ದವರು ಆಣೆ ಮಾಡಲಾರರು.

ಏಪ್ರಿಲ್ ಬಿಸಿಲಿಗೆ ಪಿಟೀಲಿನ ಕಟ್ಟಿಗೆ ಒಣಗಿ ಕುಗ್ಗಿತ್ತು. ತಂತಿ ಬಿಗಿಯುವ ಬಿರಡೆ ಎಷ್ಟು ತಿರುವಿದರೂ ತೂತಿನಲ್ಲಿ ನಿಲ್ಲದೆ ಜಾರುತ್ತಿತ್ತು. ಸಿಂದಗಿಯ ಶಾಲೆಯಲ್ಲಾದರೆ ಸೀಮೆಸುಣ್ಣ ತಿಕ್ಕಿ ನಿಲ್ಲಿಸುತ್ತಿದ್ದಳು. ಸಂಗೀತದ ಟೀಚರಿಗೆ ಅದಕ್ಕೇನು ಬರ? ಇಲ್ಲಿ ವೇದಿಕೆಯ ಮೇಲೆ ಹಾರ, ಶಾಲು, ತೆಂಗಿನಕಾಯಿ ಎಲ್ಲ ಇದ್ದವು, ಸೀಮೆಸುಣ್ಣವೊಂದು ಇರಲಿಲ್ಲ.

ತಂತಿ ಇಳಿದಾಗಲೆಲ್ಲ ಸಂಘದ ಅಧ್ಯಕ್ಷ ರಾವಸಾಬ "ಅಲ್ಲೀತನಕ ಎರಡ ಮಾತು" ಎನ್ನುತ್ತ ಮೈಕು ಹಿಡಿಯುತ್ತಿದ್ದ. ಗೋದಾಮಿನ ಇತಿಹಾಸ ಮುಗಿಸಿ ಈಗ ತನ್ನ ಬಾಲ್ಯಕ್ಕೆ ಬಂದಿದ್ದ.

ಮುಂದಿನ ಸಾಲಿನಲ್ಲಿದ್ದ ಮುದುಕಿ ಗುಂಡವ್ವ ಎದ್ದೇಬಿಟ್ಟಳು. "ಯವ್ವಾ, ಇವನ ಲಗ್ನದ ಸುದ್ದಿ ಬರೂದರಾಗ ಅದನ್ನ ಸರಿ ಮಾಡ. ಏನ ಬೇಕು ಹೇಳ."

"ಒಣಾ ಪುಡಿ ಏನರ ಬೇಕ್ರಿ. ಈ ಗೂಟ ಜಾರಬಾರದು," ಎಂದಳು ವಿದ್ಯಾವತಿ.

ಗುಂಡವ್ವ ಸೊಂಟದ ಸಂಚಿ ಬಿಚ್ಚಿ ವಿಭೂತಿ ಗಟ್ಟಿ ತೆಗೆದುಕೊಟ್ಟಳು.

"ಛೇ ಛೇ! ವಿಭೂತಿ ಗೂಟಕ್ಕ ಹಚ್ತೀರೇನ್ರಿ?" ಎಂದು ಶ್ರೀಶೈಲಪ್ಪ ಹೌಹಾರಿದ.

"ನಿನ್ನ ಹಣಿಗೆ ಮೂರ ಪಟ್ಟಿ ಬಡಕೊಂಡೀಯಲ್ಲ, ಏನ ಸುಧಾರಿಸೀದಿ? ಆ ಗೂಟಾದ್ರೂ ಸುಧಾರಿಸ್ತೈತೇನ ನೋಡೂಣು," ಎಂದಳು ಗುಂಡವ್ವ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವಿದ್ಯಾವತಿ ಬಿರಡೆ ಕಿತ್ತು, ವಿಭೂತಿ ತಿಕ್ಕಿ, ತೂತಿನೊಳಗೆ ಒತ್ತಿ ತಿರುವಿದಳು. ನಿಂತಿತು. ರಾವಸಾಬನ ಕೈಯಿಂದ ಯಾರೋ ಮೈಕು ಕಿತ್ತುಕೊಂಡರು.

ಶ್ರೀಶೈಲಪ್ಪ ವಚನ ಎತ್ತಿಕೊಂಡ. ನಾಲ್ಕನೆಯ ಸಾಲಿಗೆ, ಎಂದಿನಂತೆ, ಶ್ರುತಿಯಿಂದ ಕೂದಲೆಳೆಯಷ್ಟು ಇಳಿದ. ಆಮೇಲೆ ಬೆರಳಷ್ಟು. ಹನ್ನೊಂದು ವರ್ಷದಿಂದ ಅವನು ಇಳಿದಲ್ಲೆಲ್ಲ ವಿದ್ಯಾವತಿ ಬೆರಳು ಜಾರಿಸಿ ತಾನೂ ಇಳಿದು ಅವನ ಮಾನ ಕಾಯ್ದಿದ್ದಳು. ಮುಗಿದ ಮೇಲೆ ಅವನು ಎಲ್ಲರೆದುರು "ಪಿಟೀಲು ಸ್ವಲ್ಪ ಬ್ಯಾರೇನ ಹೊಂಟಿತ್ತು" ಎನ್ನುತ್ತಿದ್ದ. ಇವತ್ತೂ ಹುಬ್ಬು ಹಾರಿಸಿ ತನ್ನ ಕೆಳಸ್ವರಕ್ಕೆ ಕರೆದ. ಅವಳಿಗೆ ಹೋಗಬೇಕೆನಿಸಲಿಲ್ಲ. ಇಷ್ಟು ಒದ್ದಾಡಿ ಏರಿಸಿದ ಷಡ್ಜ! ಅಲ್ಲೇ ಕಮಾನು ಎಳೆಯುತ್ತ ಕೂತಳು.

ಎರಡು ಸ್ವರಗಳು ಒಂದಕ್ಕೊಂದು ಉಜ್ಜಿ ಮೈಕಿನಲ್ಲಿ ಕರಕರ ಎಂದವು. ಹಿಂದಿನ ಸಾಲಿನವರು ಕುತ್ತಿಗೆ ಚಾಚಿದರು. ಶ್ರೀಶೈಲಪ್ಪ ಕೆಮ್ಮಿದ, ನೀರು ಕುಡಿದ, ಕಣ್ಣು ಕೆಂಪು ಮಾಡಿದ. ವಿದ್ಯಾವತಿಯ ಕಮಾನು ಮಾತ್ರ ನಿಲ್ಲಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಅವನು ಕಿವಿಗೊಟ್ಟ. ಮೆಲ್ಲಗೆ ಮೇಲೇರಿ ಬಂದು ಅವಳ ಸ್ವರಕ್ಕೆ ಸೇರಿದ. ಭವನವೆಲ್ಲ ಗುಂಯ್ ಎಂದಿತು. ಈ ದನಿಯನ್ನು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದ, ಮೂಳ, ಎಂದುಕೊಂಡಳು ಅವಳು. ವಚನ ಮುಗಿಯುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ.

ಜನ ಬಂದು ಶ್ರೀಶೈಲಪ್ಪನ ಕೈ ಕುಲುಕಿದರು. ಹೊಗಳಿಕೆಯನ್ನೆಲ್ಲ ಒಬ್ಬನೇ ಬಾಚಿಕೊಂಡು, ಚಹದ ಹೊತ್ತಿಗೆ ಅವನು ವಿದ್ಯಾವತಿಯ ಪಕ್ಕದ ಕುರ್ಚಿಗೆ ಬಂದ.

"ಇವತ್ತ ನಿಮ್ಮ ಪಿಟೀಲು ಭಾಳ ಹಟಾ ಮಾಡ್ತಲ್ರಿ ಟೀಚರ."

"ಪಿಟೀಲಲ್ರಿ, ನಾನ ಮಾಡಿದ್ದು," ಎನ್ನುತ್ತ ವಿದ್ಯಾವತಿ ತಟ್ಟೆಯಲ್ಲಿ ಉಳಿದಿದ್ದ ಒಂದೇ ಮಿರ್ಚಿ ಭಜಿಯನ್ನು ಅವನನ್ನು ಕೇಳದೆ ಎತ್ತಿಕೊಂಡಳು.